ಬೇರೆಯವರು ಅರ್ಧಕ್ಕೆ ಬಿಟ್ಟ ಬಾತ್‌ರೂಮಿಗೆ ಎಷ್ಟು ರೇಟು ಹೇಳೋದು?

ನಮಸ್ಕಾರ. ನೀವು ಬರೆದದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು: ಹೆಂಡತಿ ನರ್ಸು, ಅವರ ವೀಸಾದ ಮೇಲೆ ನೀವು ಇಂಗ್ಲೆಂಡಿನ ಸ್ಲೌಗೆ ಬಂದಿದ್ದೀರಿ. ಮಂಗಳೂರಲ್ಲಿ ವರ್ಷಗಟ್ಟಲೆ ಟೈಲ್ಸ್ ಹಾಕಿದ ಕೈ. ಈಗ ಒಬ್ಬ ಬಿಲ್ಡರು ಹಳೇ ಮನೆಯೊಂದರ ಬಾತ್‌ರೂಮ್ ಮುಗಿಸಿಕೊಡಿ ಅಂತಿದ್ದಾನೆ. ಮೊದಲಿನವನು ಒಂದು ಗೋಡೆ ಮಾಡಿ ಬಿಟ್ಟುಹೋಗಿದ್ದಾನೆ. ಉಳಿದದ್ದು 22 ಚದರ ಮೀಟರ್, ಮೀಟರಿಗೆ 45 ಪೌಂಡ್, ಟೈಲ್ ಅಂಟಿಸುವ ಗಮ್ಮು, ಸಂದು ತುಂಬುವ ಗ್ರೌಟು ಎಲ್ಲ ಸೇರಿ 990. ಒಪ್ಪಿಕೊಳ್ಳಲೋ ಬೇಡವೋ ಅಂತ ಕೇಳಿದ್ದೀರಿ.

ಆ ರೇಟಿಗೆ ಒಪ್ಪಿಕೊಳ್ಳಬೇಡಿ. ಕೆಲಸವನ್ನೇ ಬೇಡ ಅನ್ನಬೇಕಾಗಿಲ್ಲ, ರೇಟು ಹೇಳುವ ರೀತಿ ಬದಲಾಗಬೇಕು.

ಮೊದಲು ವೀಸಾದ ಮಾತು ಮುಗಿಸಿಬಿಡುತ್ತೇನೆ. ನರ್ಸ್ ವೀಸಾದವರ ಗಂಡನೋ ಹೆಂಡತಿಯೋ ಆಗಿ ಬಂದವರು ಇಲ್ಲಿ ಸ್ವಂತ ಕೆಲಸ ಮಾಡಬಹುದು. ಅದರಲ್ಲಿ ಭಯ ಬೇಡ.

ಈಗ ಗೋಡೆಗೆ ಬರೋಣ. ನಮ್ಮ ಊರಲ್ಲಿ ಚದರಡಿ ಲೆಕ್ಕ ನಡೆಯೋದಕ್ಕೆ ಒಂದು ಕಾರಣ ಇದೆ. ಕೆಂಪುಕಲ್ಲಿನ ಗೋಡೆ ಎಷ್ಟು ಭಾರ ಹಾಕಿದರೂ ಹೊರುತ್ತದೆ. ಗೋಡೆ ಸ್ವಲ್ಪ ಓರೆಯಿದ್ದರೆ ಹಿಂದೆ ಸಿಮೆಂಟು ದಪ್ಪ ಕೊಟ್ಟು ಮಟ್ಟಕ್ಕೆ ತರುತ್ತೇವೆ. ಇಲ್ಲಿ ಎರಡೂ ಇಲ್ಲ. ಒಳಗಿನ ಗೋಡೆ ಅಂದರೆ ಬಹಳ ಕಡೆ ಮರದ ಚೌಕಟ್ಟಿಗೆ ಹೊಡೆದ ಪ್ಲಾಸ್ಟರ್‌ಬೋರ್ಡು, ಎರಡು ಕಡೆ ಕಾಗದ, ನಡುವೆ ಜಿಪ್ಸಮ್. ಅದರ ಮೇಲೆ ಕೆಲವು ಮಿಲಿಮೀಟರ್ ಗಮ್ಮಿನಲ್ಲೇ ಟೈಲ್ ಕೂರಬೇಕು. ಗೋಡೆಯ ಓರೆಕೋರೆಯೆಲ್ಲ ಟೈಲಿನ ಮೇಲೆ ಎದ್ದು ಕಾಣುತ್ತದೆ.

ಭಾರಕ್ಕೂ ಮಿತಿ ಇದೆ. ಬರೀ ಪ್ಲಾಸ್ಟರ್‌ಬೋರ್ಡಾದರೆ ಚದರ ಮೀಟರಿಗೆ 32 ಕಿಲೊ. ಅದರ ಮೇಲೆ ಪ್ಲಾಸ್ಟರ್ ಎಳೆದಿದ್ದರೆ 20 ಕಿಲೊ ಮಾತ್ರ, ಅದೂ ಗಮ್ಮು ಗ್ರೌಟು ಸೇರಿಸಿ. ನೀವು ಹೇಳಿದ 600ಕ್ಕೆ 1200 ಮಿಲಿಮೀಟರಿನ ಪೋರ್ಸಲೀನ್ ಟೈಲು 10 ಮಿಲಿಮೀಟರ್ ದಪ್ಪ ಇದ್ದರೆ ಮೀಟರಿಗೆ ಸುಮಾರು 22ರಿಂದ 24 ಕಿಲೊ ತೂಗುತ್ತದೆ. ಪ್ಲಾಸ್ಟರ್ ಎಳೆದ ಗೋಡೆಯಾದರೆ ಗಮ್ಮು ಹಚ್ಚುವ ಮುಂಚೆಯೇ ಮಿತಿ ದಾಟಿತು. ಅಂದರೆ ಆ ಗೋಡೆ ಕಿತ್ತು ಟೈಲಿನ ಭಾರ ಹೊರುವ ಟೈಲ್ ಬ್ಯಾಕರ್ ಬೋರ್ಡು ಹೊಡೆಯಬೇಕು. ಶವರ್ ಇರುವ ಕಡೆ ಟೈಲಿಗೆ ಮುಂಚೆ ನೀರು ಹಿಡಿಯದ ಪದರ ಬಳಿಯಬೇಕು, ಇಲ್ಲಿ ಅದಕ್ಕೆ ಟ್ಯಾಂಕಿಂಗ್ ಅಂತಾರೆ. ಇಲ್ಲಿನ ಟೈಲ್ಸ್ ಕೆಲಸದ ಸ್ಟ್ಯಾಂಡರ್ಡ್ ಬಿಎಸ್ 5385, 2018ರ ತಿದ್ದುಪಡಿಯ ನಂತರ ಅದು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬಿಲ್ಡರು ಹೇಳಿದ 45 ಪೌಂಡಿನಲ್ಲಿ ಈ ಬೋರ್ಡೂ ಇಲ್ಲ, ಟ್ಯಾಂಕಿಂಗೂ ಇಲ್ಲ.

ಮೊದಲಿನವನು ಹಾಕಿದ ಗೋಡೆಯನ್ನು ನೀವೇ ಹೋಗಿ ಪರೀಕ್ಷೆ ಮಾಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ಪ್ರತಿ ಟೈಲನ್ನೂ ಮೂಲೆಯಿಂದ ಮೂಲೆಗೆ ತಟ್ಟುತ್ತಾ ಬನ್ನಿ. ನಡುವೆ ಗಟ್ಟಿ ಸದ್ದು, ಅಂಚಿನಲ್ಲಿ ಟೊಳ್ಳು ಸದ್ದು ಬಂದರೆ ಅವನು ಗಮ್ಮನ್ನು ಪೂರಾ ಹಚ್ಚದೆ ಐದು ಉಂಡೆ ಇಟ್ಟು ಒತ್ತಿದ್ದಾನೆ ಅಂತ ಅರ್ಥ. ಆಮೇಲೆ ಲೇಸರ್ ಇಟ್ಟು ಅವನ ಗೆರೆ ನೋಡಿ. ಗೋಡೆಯ ಉದ್ದಕ್ಕೆ ನಾಲ್ಕು ಮಿಲಿಮೀಟರ್ ಇಳಿದಿದ್ದರೂ ಸಾಕು, ಪಕ್ಕದ ಗೋಡೆಯಲ್ಲಿ ನಿಮ್ಮ ಗೆರೆ ಅದಕ್ಕೆ ಕೂಡೋದಿಲ್ಲ. ನೀವು ನೇರ ಹಾಕಿದ್ದೀರಿ, ಅವನು ಓರೆ ಹಾಕಿದ್ದಾನೆ ಅಂತ ಮನೆಯವರು ಲೆಕ್ಕ ಹಾಕೋದಿಲ್ಲ. ಕೊನೆಗೆ ಅಲ್ಲಿ ಕೆಲಸ ಮಾಡಿದ್ದು ಯಾರು ಅಂತಷ್ಟೇ ನೋಡುತ್ತಾರೆ. ಹಾಗಾಗಿ ಇನ್ನೊಬ್ಬನ ಅರ್ಧ ಗೋಡೆ ಉಳಿಸಿಕೊಂಡು ಮುಂದುವರಿಸುವ ಕೆಲಸ ನಾನು ಒಪ್ಪೋದಿಲ್ಲ. ಕಿತ್ತು ಹೊಸದಾಗಿ ಹಾಕೋದಾದರೆ ಮಾತ್ರ ಒಪ್ಪುತ್ತೇನೆ. ನೀವೂ ಹಾಗೇ ಮಾಡಿ ಅಂತ ನನ್ನ ಸಲಹೆ.

ಈಗ ಲೆಕ್ಕ ಹಾಕೋಣ. ಕೀಳೋದು, ಹಿಂದೆ ಏನಿದೆ ನೋಡೋದು ಒಂದು ದಿನ. ಬೋರ್ಡು, ಟ್ಯಾಂಕಿಂಗ್ ಒಂದೂವರೆ ದಿನ. ಟೈಲ್ ಹಾಕೋದು ಮೂರು ದಿನ. ಒಂದೊಂದು ಟೈಲೂ ಸುಮಾರು 16ರಿಂದ 17 ಕಿಲೊ ತೂಗುತ್ತದೆ, ಒಬ್ಬರೇ ಎತ್ತಿ ಕೂರಿಸಬೇಕು. ಗೋಡೆಯಲ್ಲಿ ಶಾಂಪೂ ಇಡುವ ಗೂಡಿದೆ ಅಂದಿರಿ. ಅದರ ಅಂಚು 45 ಡಿಗ್ರಿ ಕತ್ತರಿಸಿ ಕೂಡಿಸೋದಕ್ಕೇ ಆ ಮೂರು ದಿನದಲ್ಲಿ ಅರ್ಧ ದಿನ ಹೋಗುತ್ತದೆ. ಗ್ರೌಟು, ಸಿಲಿಕಾನ್ ಅರ್ಧ ದಿನ. ಒಟ್ಟು ಆರು ದಿನ.

ಬಿಲ್ಡರು ಹೇಳಿದ 990ರಲ್ಲಿ ಸಾಮಾನಿಗೆ 350 ಹೋಯಿತು ಅಂತಿಟ್ಟುಕೊಳ್ಳಿ. ಉಳಿದದ್ದು 640, ದಿನಕ್ಕೆ 107 ಪೌಂಡ್. ಅದರಲ್ಲಿ ವ್ಯಾನು, ಇನ್ಶೂರೆನ್ಸು, ಬ್ಲೇಡು, ಫೋನು ಹೋಗಬೇಕು. ಇವಕ್ಕೆ ವರ್ಷಕ್ಕೆ 6,500 ಖರ್ಚಾಗಿ ವರ್ಷದಲ್ಲಿ 215 ದಿನ ಕೆಲಸ ಸಿಕ್ಕಿದರೆ ದಿನಕ್ಕೆ 30 ಪೌಂಡ್. ಕೈಗೆ ಬಂದದ್ದು 77. 2025ರ ಏಪ್ರಿಲ್‌ನಲ್ಲಿ ಇಲ್ಲಿನ ಕನಿಷ್ಠ ವೇತನ ಗಂಟೆಗೆ 12.21 ಆಯಿತು, ಎಂಟು ಗಂಟೆಗೆ 97.68. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವನಿಗೆ ಅಷ್ಟಾದರೂ ಸಿಗುತ್ತದೆ, ಜೊತೆಗೆ ಸಂಬಳದ ರಜೆಯೂ ಇದೆ. ನಿಮಗೆ ರಜೆ ಇಲ್ಲ, ಬೆನ್ನು ಹಿಡಿದರೆ ಆ ದಿನದ ದುಡ್ಡೂ ಇಲ್ಲ. ಇದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ, ಯಾಕಂದರೆ ಹೊಸದಾಗಿ ಬಂದವರಿಗೇ ಇಂಥ ರೇಟು ಹೇಳೋದು.

ನಾನಿರುವ ರೆಡಿಂಗ್ ಊರಿನ ಕಡೆ ನಾನು ಹೇಳೋದು ದಿನಕ್ಕೆ 220. ನೀವೂ ಅಷ್ಟೇ ಹೇಳಿ. ನಿಮ್ಮ ಕೈ ಹೊಸದಲ್ಲ, ಊರು ಮಾತ್ರ ಹೊಸದು.

ಮುಖ್ಯವಾದ ಮಾತು ಇದು. ಕಣ್ಣಿಗೆ ಕಾಣುವ ಕೆಲಸಕ್ಕೆ ಒಂದೇ ಮೊತ್ತ ಹೇಳಿ. ಕಾಣದ್ದಕ್ಕೆ ದಿನದ ಲೆಕ್ಕ ಹೇಳಿ. ಎರಡನ್ನೂ ಒಂದೇ ಮೊತ್ತದೊಳಗೆ ಸೇರಿಸಿದಿರೋ, ಗೋಡೆಯ ಹಿಂದೆ ಕೊಳೆತ ಮರ ಸಿಕ್ಕಿದರೆ ಅದರ ಖರ್ಚು ನಿಮ್ಮ ತಲೆ ಮೇಲೆ. ಬೋರ್ಡಿನಿಂದ ಸಿಲಿಕಾನ್‌ವರೆಗೆ ಐದು ದಿನ, 1,100. ಅದರ ಮೇಲೆ 150 ಸೇರಿಸಿ 1,250 ಹೇಳಿ. ಆ 150 ದುರಾಸೆಯಲ್ಲ. ಕಾಲು ದಿನ ಪಾರ್ಕಿಂಗ್ ಹುಡುಕೋದು, ಒಂದು ಟೈಲ್ ಕೊಯ್ಯುವಾಗ ಒಡೆಯೋದು, ಇಂಥವಕ್ಕೆಲ್ಲ ಅದು ಬೇಕು. ಕೀಳುವ ಕೆಲಸ ಪ್ರತ್ಯೇಕ, ದಿನಕ್ಕೆ 220. ಹಿಂದೆ ಏನಾದರೂ ಕಂಡರೆ ಕೈ ನಿಲ್ಲಿಸಿ ಫೋಟೊ ಕಳಿಸುತ್ತೇನೆ, ನೀವು ಹೂಂ ಅಂದಮೇಲೇ ಮುಂದುವರಿಸುತ್ತೇನೆ ಅಂತ ಬರೆಯಿರಿ. ಪ್ಲಂಬರು ಶವರ್ ಟ್ರೇ ಕೂರಿಸದೆ ನೀವು ಸುಮ್ಮನೆ ಕಾಯಬೇಕಾದ ದಿನಕ್ಕೂ 220 ಅಂತ ಅದರಲ್ಲೇ ಸೇರಿಸಿ. ಇಷ್ಟೂ ವಾಟ್ಸ್‌ಆ್ಯಪ್ ಮೆಸೇಜಿನಲ್ಲಿ ಇದ್ದರೂ ಸಾಕು, ಬರಹದಲ್ಲಿ ಇರಬೇಕು.

ಹಳೇ ಮನೆ ಅಂದಿರಲ್ಲ, ಕೀಳುವ ಮುಂಚೆ ಆಸ್ಬೆಸ್ಟಾಸ್ ಪರೀಕ್ಷೆ ಆಗಿದೆಯಾ ಕೇಳಿ. ಇಲ್ಲಿ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. 2000ಕ್ಕಿಂತ ಮುಂಚಿನ ಮನೆಯಲ್ಲಿ ಹಳೇ ನೆಲದ ಟೈಲು, ಅದರ ಗಮ್ಮು, ಸೀಲಿಂಗಿನ ಉಬ್ಬು ಬಣ್ಣದಲ್ಲಿ ಇರಬಹುದು. ರಿಪೋರ್ಟು ತೋರಿಸದೆ ಕೀಳಲು ಹೇಳಿದರೆ ಸುತ್ತಿಗೆ ಎತ್ತಬೇಡಿ, ಎಷ್ಟೇ ದುಡ್ಡು ಕೊಟ್ಟರೂ.

ಸಾಮಾನು ಬಿಲ್ಡರ ಖಾತೆಯಲ್ಲೇ ತರಿಸಿ. ನಿಮ್ಮ ದುಡ್ಡು ಹಾಕಿ ತಿಂಗಳು ಕಾಯುವ ಸ್ಥಿತಿ ಈಗ ಬೇಡ. ನೀವೇ ತಂದದ್ದಿದ್ದರೆ ಬಿಲ್ಲಿನಲ್ಲಿ ಸಾಮಾನು ಬೇರೆ, ಕೂಲಿ ಬೇರೆ ತೋರಿಸಿ. ಯಾಕಂದರೆ ಸಿಐಎಸ್ ಅಂತ ಒಂದು ವ್ಯವಸ್ಥೆ ಇದೆ, ಕಟ್ಟಡ ಕೆಲಸದವರ ತೆರಿಗೆಯದ್ದು. ಬಿಲ್ಡರು ನಿಮ್ಮ ಕೂಲಿಯಿಂದಲೇ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟುತ್ತಾನೆ. ನೀವು ಎಚ್‌ಎಂಆರ್‌ಸಿಯಲ್ಲಿ, ಅಂದರೆ ಇಲ್ಲಿನ ತೆರಿಗೆ ಇಲಾಖೆಯಲ್ಲಿ, ಸಿಐಎಸ್‌ಗೆ ಹೆಸರು ನೋಂದಾಯಿಸಿದ್ದರೆ 20 ಪರ್ಸೆಂಟು, ಇಲ್ಲದಿದ್ದರೆ 30. ಸಾಮಾನಿನ ದುಡ್ಡಿಗೆ ಹಿಡಿಯುವಂತಿಲ್ಲ. 1,250, ಕೀಳುವ ದಿನದ 220 ಸೇರಿ ಆಗುವ 1,470 ಕೂಲಿಯಲ್ಲಿ ನೋಂದಾಯಿಸಿದವರಿಗೆ ಕೈಗೆ 1,176, ಇಲ್ಲದವರಿಗೆ 1,029. ಆ ವ್ಯತ್ಯಾಸ ಕಳೆದುಹೋಗೋದಿಲ್ಲ, ವರ್ಷದ ಲೆಕ್ಕ ಸಲ್ಲಿಸಿದಾಗ ಸರಿಹೋಗುತ್ತದೆ. ವರ್ಷದ ಮೊದಲ 12,570 ಪೌಂಡ್ ಲಾಭಕ್ಕೆ ಆದಾಯ ತೆರಿಗೆ ಇಲ್ಲದ ಕಾರಣ ಬಹಳ ಜನಕ್ಕೆ ದುಡ್ಡು ವಾಪಸು ಬರುತ್ತದೆ. ಆದರೆ ಅದಕ್ಕೆ ಬಿಲ್ಡರು ಕೊಡುವ ಕಡಿತದ ಚೀಟಿ ಬೇಕೇ ಬೇಕು. ಪ್ರತಿ ತಿಂಗಳೂ ಕೇಳಿ ತೆಗೆದುಕೊಳ್ಳಿ, ಅದು ನಿಮ್ಮ ಹಕ್ಕು. ನೋಂದಣಿಗೆ ಕಾಸು ಬೇಕಿಲ್ಲ ಮಾರಾಯರೇ, ಈ ವಾರವೇ ಮಾಡಿಸಿ.

ದುಡ್ಡು ಬರುವ ವಿಷಯ. ಕಟ್ಟಡ ಕೆಲಸದ ಕರಾರುಗಳಿಗೆ ಇಲ್ಲಿರುವ 1996ರ ಕಾನೂನಿನಲ್ಲಿ ಕಂತಿನ ಹಕ್ಕು ಇರೋದು 45 ದಿನ ಅಥವಾ ಅದಕ್ಕಿಂತ ಹೆಚ್ಚಿನ ಕೆಲಸಕ್ಕೆ. ನಿಮ್ಮದು ಆರು ದಿನದ್ದು, ಹಾಗಾಗಿ ನೀವೇ ಬರೆಸಿಕೊಳ್ಳಬೇಕು: ಟ್ಯಾಂಕಿಂಗ್ ಮುಗಿದ ದಿನ ಅರ್ಧ, ಕೆಲಸ ಮುಗಿದು ಏಳು ದಿನದೊಳಗೆ ಉಳಿದದ್ದು. ಟೈಲು ಮುಚ್ಚುವ ಮುಂಚೆ ಟ್ಯಾಂಕಿಂಗಿನ ಫೋಟೊ ತೆಗೆದಿಡಿ, ನಾಳೆ ಸೋರಿತು ಅಂದರೆ ತೋರಿಸಲು ಬೇಕು. "ಮನೆಯವರು ಕೊಟ್ಟಮೇಲೆ ನಿಮಗೆ ಕೊಡ್ತೀನಿ" ಅಂತ ಬಿಲ್ಡರು ಹೇಳಬಹುದು. ಮನೆಯವರು ದಿವಾಳಿ ಎದ್ದ ಸಂದರ್ಭ ಬಿಟ್ಟರೆ ಅಂಥ ಷರತ್ತಿಗೆ ಅದೇ ಕಾನೂನಿನಲ್ಲಿ ಬೆಲೆ ಇಲ್ಲ. ತಡ ಮಾಡಿದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ದರದ ಮೇಲೆ 8 ಪರ್ಸೆಂಟು ಬಡ್ಡಿ ಕೇಳಬಹುದು. ಬಾಕಿ 1,000 ದಾಟಿ 10,000ದ ಒಳಗಿದ್ದರೆ ಜೊತೆಗೆ 70 ಪೌಂಡ್ ಪರಿಹಾರ. ಜಗಳ ಆಡಬೇಕಾಗಿಲ್ಲ, ಬಿಲ್ಲಿನ ಕೆಳಗೆ ಒಂದು ಸಾಲು ಬರೆದಿದ್ದರೆ ಸಾಕು.

990ಕ್ಕೆ ಮಾಡುವವರು ಬೇರೆ ಇದ್ದಾರೆ ಅಂತ ಅವನು ಹೇಳಬಹುದು. ಹೇಳಲಿ. ನೀವು ಇಳಿಸೋದಾದರೆ ಕೆಲಸ ಇಳಿಸಿ, ರೇಟು ಇಳಿಸಬೇಡಿ. ಕೀಳೋದು, ಬೋರ್ಡು ಹೊಡೆಯೋದು ನಿಮ್ಮ ಹುಡುಗರೇ ಮಾಡಲಿ, ನಾನು ಟ್ಯಾಂಕಿಂಗ್ ಮತ್ತು ಟೈಲು ಮಾತ್ರ ಮಾಡುತ್ತೇನೆ ಅನ್ನಿ. ಅವರು ಹೊಡೆದ ಬೋರ್ಡು ರಸಮಟ್ಟಕ್ಕೆ ಸರಿ ಇದ್ದರಷ್ಟೇ ಶುರು ಮಾಡುತ್ತೇನೆ ಅಂತಲೂ ಸೇರಿಸಿ.

ಇದನ್ನೆಲ್ಲ ಕಳಿಸುವ ಮುಂಚೆ ಇನ್ನೊಂದು ಕೆಲಸ ಇದೆ. ಮೊದಲಿನವನು ಯಾಕೆ ಬಿಟ್ಟ ಅಂತ ಕೇಳಿ, ಆದರೆ ಬಿಲ್ಡರನ್ನು ಮಾತ್ರ ಕೇಳಿ ಸುಮ್ಮನಾಗಬೇಡಿ. ಆ ಸೈಟಿನ ಪ್ಲಂಬರನ್ನೋ ಎಲೆಕ್ಟ್ರಿಷಿಯನ್ನನ್ನೋ ಕೇಳಿ, ಸಾಧ್ಯವಾದರೆ ಬಿಟ್ಟುಹೋದವನ ನಂಬರೇ ತೆಗೆದುಕೊಂಡು ಮಾತಾಡಿ. ಕೆಲಸ ಬರದೆ ಓಡಿಹೋದದ್ದಾದರೆ ಮೇಲಿನ ಲೆಕ್ಕ ಕಳಿಸಿ. ದುಡ್ಡು ಕೊಡದ್ದಕ್ಕೆ ಬಿಟ್ಟದ್ದಾದರೆ ಯಾವ ಲೆಕ್ಕವೂ ಬೇಡ, ಆ ಮನೆಗೆ ಹೋಗಲೇಬೇಡಿ. ಏನಾಯಿತು ಅಂತ ನನಗೆ ತಿಳಿಸಿ.