1972ರಲ್ಲಿ ಎಡ್ಮಂಡ್ ಮಸ್ಕಿ ವಿರುದ್ಧದ ಕುತಂತ್ರಗಳಿಗೆ ದುಡ್ಡು ಎಲ್ಲಿಂದ ಬಂತು?

ನಿಕ್ಸನ್ ಕಡೆಯಿಂದಲೇ ಬಂತು. ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಗೆ ಮೊದಲು ಪಕ್ಷದ ಒಳಗೇ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ನಡೆಯುತ್ತದೆ. ಆ ವರ್ಷ ಡೆಮಾಕ್ರಟಿಕ್ ಪಕ್ಷದಲ್ಲಿ ಮಸ್ಕಿ ಮುಂದಿದ್ದರು. ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ಬಳಗಕ್ಕೆ ಅವರೇ ದೊಡ್ಡ ತಲೆನೋವು.

ಈ ಕೆಲಸಕ್ಕೆ ಡೊನಾಲ್ಡ್ ಸೆಗ್ರೆಟ್ಟಿ ಎಂಬ ಯುವ ವಕೀಲನನ್ನು ಹಿಡಿದರು. ಸಂಬಳ ಕೊಟ್ಟವರು ನಿಕ್ಸನ್ ಅವರ ಸ್ವಂತ ವಕೀಲ ಹರ್ಬರ್ಟ್ ಕಾಮ್‌ಬಾಕ್. ಹಳೆಯ ಪ್ರಚಾರದಲ್ಲಿ ಮಿಕ್ಕಿದ ದೇಣಿಗೆ ಹಣ ಇವರ ಕೈಯಲ್ಲಿತ್ತು. ದೇಣಿಗೆ ಕೊಟ್ಟವರಿಗೆ ಇದೆಲ್ಲ ಗೊತ್ತಾಗುವುದಾದರೂ ಹೇಗೆ, ಅಲ್ವಾ?

ಫ್ಲಾರಿಡಾದಲ್ಲಿ ಮಸ್ಕಿ ಪ್ರಚಾರದ ಲೆಟರ್‌ಹೆಡ್‌ನಲ್ಲೇ ಒಂದು ನಕಲಿ ಪತ್ರ ಹಂಚಿದರು. ಅದೇ ಪಕ್ಷದ ಎದುರಾಳಿಗಳಾದ ಹಂಫ್ರಿ ಮತ್ತು ಜಾಕ್ಸನ್ ಮೇಲೆ ಅದರಲ್ಲಿ ಲೈಂಗಿಕ ನಡತೆಯ ಸುಳ್ಳು ಆರೋಪಗಳಿದ್ದವು. ಒಂದೇ ಕಾಗದದಿಂದ ಮೂವರಿಗೂ ಏಟು. ಆಮೇಲೆ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಮಸ್ಕಿ ನಿಧಿ ಸಂಗ್ರಹದ ಭೋಜನಕೂಟ ಇಟ್ಟುಕೊಂಡಿದ್ದರು. ಅಲ್ಲಿಗೆ ಅವರ ಹೆಸರಲ್ಲಿ ಯಾರೂ ಕೇಳದ ಪಿಜ್ಜಾ, ಮದ್ಯ, ಹೂವು ಬಂದವು. ಸುಮ್ನೆ ಕೀಟಲೆ ಅನ್ನಿಸಬಹುದು. ಆದರೆ ದುಡ್ಡು ಎತ್ತಬೇಕಾದ ಹೊತ್ತಿನಲ್ಲೇ ಗೊಂದಲ ಎಬ್ಬಿಸುವುದು ಲೆಕ್ಕ ಹಾಕಿ ಮಾಡಿದ ಕೆಲಸ.

ಮಸ್ಕಿ ಸೋತದ್ದು ಇದೊಂದರಿಂದಲೇ ಅಂತ ನಾನು ಹೇಳುವುದಿಲ್ಲ. ಕೊನೆಗೆ ಆ ಪಕ್ಷದ ಅಭ್ಯರ್ಥಿಯಾದ ಮೆಕ್‌ಗವರ್ನ್ ಅವರ ಸಂಘಟನೆ ಗಟ್ಟಿಯಾಗಿತ್ತು.

ಸೆಗ್ರೆಟ್ಟಿ 1973ರಲ್ಲಿ ತಪ್ಪೊಪ್ಪಿಕೊಂಡು ಕೆಲವು ತಿಂಗಳು ಜೈಲಿನಲ್ಲಿದ್ದರು. ಇಂಥ ಹಗರಣಗಳ ಬಳಿಕ ಬಂದ 1974ರ ಕಾನೂನು ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಕೊಡಬಹುದಾದ ದೇಣಿಗೆಯನ್ನು 1,000 ಡಾಲರ್‌ಗೆ ಮಿತಿಗೊಳಿಸಿತು. ಲೆಕ್ಕ ನೋಡಲು ಫೆಡರಲ್ ಚುನಾವಣಾ ಆಯೋಗವೂ ಹುಟ್ಟಿದ್ದು ಅದೇ ಕಾನೂನಿನಿಂದ.