ಸಕ್ಕರೆ ಕಾಯಿಲೆ ಇರುವ ಅವ್ವನ ಚಹಾಕ್ಕೆ ಶುಗರ್‌ಫ್ರೀ ಗುಳಿಗೆ ಹಾಕಬಹುದೇ, ಬೆಲ್ಲ ಒಳ್ಳೆಯದೇ?

ಕೊಪ್ಪಳದಿಂದ ನೀವು ಕೇಳಿರುವುದು ಇಷ್ಟು: ಅವ್ವನಿಗೆ ಐವತ್ತೆಂಟು ವರ್ಷ, ಟೈಪ್ 2 ಮಧುಮೇಹ, ದಿನಕ್ಕೆ ಐದು ಸಲ ಚಹಾ, ಪ್ರತಿ ಸಲ ಎರಡು ಚಮಚ ಸಕ್ಕರೆ. ಶುಗರ್‌ಫ್ರೀ ಗುಳಿಗೆಯಿಂದ ಕ್ಯಾನ್ಸರ್ ಬರುತ್ತದೆ, ಬೆಲ್ಲ ಹಾಕಿ ಎಂದು ನೆಂಟರು ಹೇಳುತ್ತಿದ್ದಾರೆ.

ಗುಳಿಗೆ ಹಾಕಿ, ಬೆಲ್ಲ ಬೇಡ. ನಾನು ಸಿಂಧನೂರಿನಲ್ಲಿ ಔಷಧದ ಅಂಗಡಿ ನಡೆಸುತ್ತೇನೆ, ನನಗೂ ಈ ಕಾಯಿಲೆ ಇದೆ. ಬೆಲ್ಲದ ಮೇಲೆ ನಮ್ಮ ಜನರಿಗಿರುವ ನಂಬಿಕೆ ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಬೆಲ್ಲದ ಬಹುಪಾಲು ಸಕ್ಕರೆಯೇ. ಅದರಲ್ಲಿರುವ ಒಂದಿಷ್ಟು ಖನಿಜಾಂಶಕ್ಕಾಗಿ ರಕ್ತದ ಸಕ್ಕರೆ ಕಡಿಮೆ ಏರುವುದಿಲ್ಲ. ಜೇನುತುಪ್ಪದ ಕತೆಯೂ ಬೇರೆಯಲ್ಲ.

ಕ್ಯಾನ್ಸರ್ ಮಾತು ಎಲ್ಲಿಂದ ಬಂತು ಎಂದರೆ, 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆಸ್ಪರ್ಟೇಮ್ ಎಂಬ ಸಿಹಿಕಾರಕವನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಪುರಾವೆ ಸೀಮಿತವಾಗಿದ್ದಾಗ ಹಾಕುವ ಗುಂಪು ಅದು. ಅದೇ ಹೊತ್ತಿಗೆ ಆಹಾರ ಸುರಕ್ಷತೆ ನೋಡುವ ತಜ್ಞರ ಸಮಿತಿ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸಲು ಕಾರಣ ಕಾಣಲಿಲ್ಲ. ಅರವತ್ತು ಕಿಲೋ ತೂಗುವವರಿಗೆ ಅದು 2,400 ಮಿಲಿಗ್ರಾಂ. ಚಹಾದ ಒಂದು ಗುಳಿಗೆಯಲ್ಲಿ ಇರುವುದು ಸಾಮಾನ್ಯವಾಗಿ 20 ಮಿಲಿಗ್ರಾಂ ಆಸುಪಾಸು. ನಿಮ್ಮ ಅವ್ವ ದಿನಕ್ಕೆ ಹತ್ತು ಗುಳಿಗೆ ಹಾಕಿಕೊಂಡರೂ ಮಿತಿಯ ಹತ್ತರಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದ ಇನ್ನೊಂದು ಸಲಹೆಯೂ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ: ತೂಕ ಇಳಿಸಲು ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದು. ಈಗಾಗಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ ಎಂದು ಅದರಲ್ಲಿಯೇ ಬರೆದಿದೆ. ಆ ಸಾಲನ್ನು ಮಾತ್ರ ಯಾರೂ ಮುಂದಕ್ಕೆ ಕಳಿಸುವುದಿಲ್ಲ.

ಆಸ್ಪರ್ಟೇಮ್ ಇರುವ ಗುಳಿಗೆಯನ್ನು ಕುದಿಯುವ ಪಾತ್ರೆಗೆ ಹಾಕಬೇಡಿ, ಕಾವಿಗೆ ಅದರ ಸಿಹಿ ಕೆಡುತ್ತದೆ. ಚಹಾ ಸೋಸಿ ಕಪ್ಪಿಗೆ ಹಾಕಿದ ಮೇಲೆ ಬೆರೆಸಿ. ಸುಕ್ರಲೋಸ್ ಎಂಬ ಇನ್ನೊಂದು ಸಿಹಿಕಾರಕ ಕುದಿಸಿದರೂ ಕೆಡುವುದಿಲ್ಲ. ಯಾವುದು ಯಾವುದೆಂದು ತಿಳಿಯಲು ಡಬ್ಬಿಯ ಹಿಂದಿನ ಸಂಖ್ಯೆ ನೋಡಿ: 951 ಆಸ್ಪರ್ಟೇಮ್, 955 ಸುಕ್ರಲೋಸ್, 954 ಸ್ಯಾಕರಿನ್, 960 ಸ್ಟೀವಿಯಾ.

ಇನ್ನು ನೀವು ಕೇಳದೇ ಬಿಟ್ಟಿರುವ ವಿಷಯಕ್ಕೆ ಬರುತ್ತೇನೆ, ನನಗೆ ಮುಖ್ಯವಾಗಿ ಹೇಳಬೇಕಿರುವುದು ಅದೇ. ಐದು ಚಹಾದ ಹತ್ತು ಚಮಚ ಸಕ್ಕರೆ ಎಂದರೆ ಸುಮಾರು 40ರಿಂದ 50 ಗ್ರಾಂ. ಅದು ತಪ್ಪಿದರೆ ಒಳ್ಳೆಯದೇ. ಆದರೆ ನೂರು ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟ ಇರುತ್ತದೆ, ನಮ್ಮ ಕಡೆ ತಟ್ಟೆ ತುಂಬ ಬಡಿಸಿದರೆ ಮುನ್ನೂರು ಗ್ರಾಂ ಸಲೀಸಾಗಿ ಆಗುತ್ತದೆ. ಒಂದೇ ಊಟದಲ್ಲಿ 80 ಗ್ರಾಂ ದಾಟಿತು, ಅದೆಲ್ಲ ಕೊನೆಗೆ ರಕ್ತಕ್ಕೆ ಗ್ಲುಕೋಸ್ ಆಗಿಯೇ ಹೋಗುತ್ತದೆ. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು ಸೀಮೆಯಲ್ಲಿ ಜೋಳದ ಹೊಲಗಳು ಗದ್ದೆಯಾದವು, ರೊಟ್ಟಿ ತಿನ್ನುತ್ತಿದ್ದ ಮನೆಗಳಲ್ಲಿ ಸೋನಾ ಮಸೂರಿ ಅನ್ನ ಎರಡು ಹೊತ್ತಿನ ಊಟವಾಯಿತು. ಗುಳಿಗೆ ಹಾಕಿದ ಚಹಾ ಕುಡಿದು, ‘ಸಕ್ಕರೆ ಬಿಟ್ಟಿದ್ದೇನೆ’ ಎಂಬ ಧೈರ್ಯದಲ್ಲಿ ಇನ್ನೊಂದು ಸೌಟು ಅನ್ನ ಹಾಕಿಸಿಕೊಳ್ಳುವವರನ್ನು ನಾನು ದಿನವೂ ಕಾಣುತ್ತೇನೆ.

ಚೆನ್ನೈನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಟೈಪ್ 2 ಮಧುಮೇಹಿಗಳು ಹನ್ನೆರಡು ವಾರ ಚಹಾ, ಕಾಫಿಗೆ ಸಕ್ಕರೆಯ ಬದಲು ಸುಕ್ರಲೋಸ್ ಹಾಕಿಕೊಂಡರು. ತೂಕ ಮತ್ತು ಸೊಂಟದ ಸುತ್ತಳತೆ ಸ್ವಲ್ಪ ಇಳಿಯಿತು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗುಳಿಗೆಯಿಂದ ನೀವು ನಿರೀಕ್ಷಿಸಬಹುದಾದದ್ದು ಅಷ್ಟೇ. ಆದ್ದರಿಂದ ಅವ್ವನ ತಟ್ಟೆಯಲ್ಲಿ ಅನ್ನವನ್ನು ಅರ್ಧಕ್ಕೆ ಇಳಿಸಿ, ಮೊದಲು ಒಂದು ಜೋಳದ ರೊಟ್ಟಿ, ಜೊತೆಗೆ ಹೆಸರುಕಾಳಿನ ಪಲ್ಯ, ಪುಂಡಿ ಸೊಪ್ಪು, ಹಸಿ ಉಳ್ಳಾಗಡ್ಡಿ ಇರಲಿ. ರೊಟ್ಟಿಯಲ್ಲೂ ಪಿಷ್ಟವಿದೆ, ಹಾಗಾಗಿ ನಾಲ್ಕು ತಿಂದರೆ ಲಾಭವಿಲ್ಲ. ಗುಳಿಗೆಯನ್ನೂ ಎರಡರಿಂದ ಒಂದಕ್ಕೆ, ಆಮೇಲೆ ಅರ್ಧಕ್ಕೆ ತನ್ನಿ. ನಾಲಿಗೆ ಒಗ್ಗಿಕೊಳ್ಳುತ್ತದೆ, ನನ್ನದು ಒಗ್ಗಿದೆ.

ಬೇಕರಿಯ ‘ಶುಗರ್‌ಫ್ರೀ’ ಬಿಸ್ಕತ್ತು, ಪೇಡೆಗಳನ್ನು ದಯವಿಟ್ಟು ತರಬೇಡಿ. ಬಿಸ್ಕತ್ತಿನಲ್ಲಿ ಮೈದಾ, ಎಣ್ಣೆ ಹಾಗೆಯೇ ಇರುತ್ತವೆ. ಕೆಲವದರಲ್ಲಿ 965 ಸಂಖ್ಯೆಯ ಮಾಲ್ಟಿಟಾಲ್ ಇರುತ್ತದೆ, ಅದು ರಕ್ತದ ಸಕ್ಕರೆಯನ್ನು ತಕ್ಕಮಟ್ಟಿಗೆ ಏರಿಸುತ್ತದೆ, ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ. ಗವಿಮಠದ ಜಾತ್ರೆಯ ಮಾದಲಿ ಎಂಬ ಸಿಹಿಯನ್ನು ಅವ್ವ ಪ್ರಸಾದವೆಂದು ಒಂದು ತುತ್ತು ತಿನ್ನಲಿ, ಅದಕ್ಕೆ ನಾನು ಬೇಡ ಎನ್ನುವುದಿಲ್ಲ. ಆ ಹೊತ್ತಿನ ಅನ್ನ ಬಿಟ್ಟರಾಯಿತು.

ಕೊನೆಯದಾಗಿ ಒಂದು ಮಾತು, ಇದನ್ನು ಮನೆಯವರೆಲ್ಲರೂ ತಿಳಿದಿರಬೇಕು. ಅವ್ವನ ಔಷಧ ಚೀಟಿಯಲ್ಲಿ ಗ್ಲಿಮೆಪಿರೈಡ್‌ನಂಥ ಗುಳಿಗೆಯೋ ಇನ್ಸುಲಿನ್ನೋ ಇದೆಯೇ ನೋಡಿ. ಇದ್ದರೆ, ಊಟ ತಡವಾದಾಗ ಅಥವಾ ಉಪವಾಸದ ದಿನ ಸಕ್ಕರೆ ತೀರಾ ಇಳಿಯಬಹುದು: ಕೈ ನಡುಕ, ಬೆವರು, ಕಣ್ಣು ಕತ್ತಲೆ. ನಮ್ಮ ಕಡೆಯ ಬೇಸಿಗೆಯಲ್ಲಿ ಇದನ್ನು ಬಿಸಿಲಿನ ಬಳಲಿಕೆ ಎಂದುಕೊಂಡು ಸುಮ್ಮನಿರುವ ಅಪಾಯವಿದೆ. ರಕ್ತದ ಸಕ್ಕರೆ ನೋಡುವ ಯಂತ್ರದಲ್ಲಿ 70ಕ್ಕಿಂತ ಕಡಿಮೆ ಬಂದರೆ ಶುಗರ್‌ಫ್ರೀ ಹಾಕಿದ ಪಾನಕ ಕುಡಿಸಿದರೆ ಪ್ರಯೋಜನವಿಲ್ಲ. ಮೂರು ಚಮಚ ನಿಜವಾದ ಸಕ್ಕರೆಯನ್ನು ನೀರಲ್ಲಿ ಕದಡಿ ಕೊಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ ಕೊಡಿ. ಚೀಟಿಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಕೂಡ ಇದ್ದರೆ ಸಕ್ಕರೆ ಬೇಗ ರಕ್ತ ಸೇರುವುದಿಲ್ಲ, ಆಗ ಗ್ಲುಕೋಸ್ ಪುಡಿಯೇ ಬೇಕು. ಒಂದು ಪೊಟ್ಟಣವನ್ನು ಇವತ್ತೇ ತಂದು ಮನೆಯಲ್ಲಿಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.