ಮಝಲ್ ಬ್ರೇಕ್ ಆಮೇಲೆ, ಮೊದಲು ಸ್ಟಾಕ್ ನೋಡಿ

ನಮಸ್ಕಾರ ಸರ್. ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ಕೊಂಡ ಟಿಕ್ಕಾ ಟಿ3ಎಕ್ಸ್ ರೈಫಲ್ (.30-06 ಗುಂಡಿನದು) ಹೆಗಲಿಗೆ ಜೋರಾಗಿ ಒದೆಯುತ್ತದೆ, ಟ್ರಿಗರ್ರೂ ಬಿಗಿ, ಮಝಲ್ ಬ್ರೇಕ್ (ಒದೆತ ತಗ್ಗಿಸಲು ನಳಿಗೆಯ ತುದಿಗೆ ಹಾಕುವ ತೂತುಗಳಿರುವ ತುಂಡು) ಹಾಕಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಬ್ರೇಕಿನಿಂದ ಒದೆತ ತಗ್ಗುತ್ತದೆ ನಿಜ, ಆದರೆ ಸದ್ದು ಪಕ್ಕಕ್ಕೂ ಹಿಂದಕ್ಕೂ ತಿರುಗಿ ನಿಮ್ಮ ಕಿವಿಗೂ ಜೊತೆಗಿದ್ದವರ ಕಿವಿಗೂ ಕುತ್ತು.

ಬಂದೂಕು ಖಾಲಿ ಇದೆಯೆಂದು ಎರಡು ಸಲ ನೋಡಿಕೊಳ್ಳಿ. ನವೆಂಬರ್ ಚಳಿಗೆ ಹಾಕುವ ದಪ್ಪ ಜಾಕೆಟ್ಟನ್ನೇ ತೊಟ್ಟು, ಕಣ್ಣು ಮುಚ್ಚಿ ಹೆಗಲಿಗೇರಿಸಿ, ಆಮೇಲೆ ಕಣ್ಣು ಬಿಡಿ. ಸ್ಕೋಪಿನಲ್ಲಿ (ಗುರಿ ನೋಡುವ ದುರ್ಬೀನಿನಲ್ಲಿ) ಪೂರ್ತಿ ವೃತ್ತ ಕಾಣಬೇಕು. ಕತ್ತು ಮುಂದಕ್ಕೆ ಚಾಚಬೇಕಾದರೆ ಒಂದೋ ಸ್ಟಾಕ್ (ಹೆಗಲಿಗೆ ಒತ್ತುವ ಬಂದೂಕಿನ ಹಿಂಭಾಗ) ಉದ್ದ, ಇಲ್ಲವೇ ಸ್ಕೋಪ್ ತೀರಾ ಮುಂದಿದೆ. ಸ್ಕೋಪ್ ಹುಬ್ಬಿಗೆ ಹತ್ತಿರವಾದರೆ ಸ್ಟಾಕ್ ಮತ್ತು ಅದರ ತುದಿಯ ರಬ್ಬರ್ ಪ್ಯಾಡ್ ನಡುವೆ ಸ್ಪೇಸರ್ (ಉದ್ದ ಹೆಚ್ಚಿಸುವ ಬಿಲ್ಲೆ) ಹಾಕಿಸಿ. ಕೆನ್ನೆ ಸ್ಟಾಕಿಗೆ ತಾಗದೆ ತೇಲುತ್ತಿದ್ದರೆ ಕೆನ್ನೆಪಟ್ಟಿ ಕಟ್ಟಿ. ಮುಖಕ್ಕೆ ಬೀಳುವ ಏಟು ಬಹುಪಾಲು ಅಲ್ಲಿಂದಲೇ ಶುರು. ಪ್ಯಾಡ್ ತೋಳಿನ ಸಂದಿನ ಮೇಲಲ್ಲ, ಹೆಗಲಿನ ಒಳಗುಳಿಯಲ್ಲಿ ಕೂರಲಿ.

ಟಿಕ್ಕಾ ಹಗುರ, ಒದೆತಕ್ಕೆ ಅದೂ ಕಾರಣ. 7 ಪೌಂಡಿನ ಬಂದೂಕನ್ನು 8 ಪೌಂಡ್ ಮಾಡಿದರೆ ಒದೆತದ ಶಕ್ತಿ ಸುಮಾರು ಎಂಟರಲ್ಲೊಂದು ಪಾಲು ಇಳಿಯುತ್ತದೆ. ಬೆಟ್ಟ ಹತ್ತುವವರಿಗೆ ಆ ಭಾರ ಬೇಕೋ ಬೇಡವೋ, ನೀವೇ ಹೇಳಬೇಕು!

ಟ್ರಿಗರ್ ಸುಲಭ: ಅದನ್ನು ಎಳೆಯಲು ಬೇಕಾದ ಬಲವನ್ನು ಕಾರ್ಖಾನೆಯ ತಿರುಪಿನಿಂದಲೇ ಸುಮಾರು 2ರಿಂದ 4 ಪೌಂಡ್ ತನಕ ಹೊಂದಿಸಬಹುದು. ಕೈಗವಸು ಹಾಕುವವರಾದರೆ 3ಕ್ಕಿಂತ ಕೆಳಗೆ ಬೇಡ. ಸ್ಪ್ರಿಂಗ್ ಕತ್ತರಿಸುವುದು, ಸಿಯರ್ (ಟ್ರಿಗರ್ ಒತ್ತುವವರೆಗೆ ಹೊಡೆಯುವ ಪಿನ್ನನ್ನು ತಡೆದಿಡುವ ಕೊಕ್ಕೆ) ಉಜ್ಜುವುದು ಮನೆಯಲ್ಲಿ ಬೇಡವೇ ಬೇಡ, ಗನ್‌ಸ್ಮಿತ್‌ಗೆ (ಬಂದೂಕು ರಿಪೇರಿಯವರಿಗೆ) ಬಿಡಿ.

180 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಬಳಸುತ್ತಿದ್ದೀರಾ? ಗುಂಡು ಹಗುರಾದರೆ ಒದೆತವೂ ಕಡಿಮೆ. ಆ ಜಿಂಕೆಗೆ 150 ಧಾರಾಳ ಸಾಕು.